ಸ್ಪೂನ್ ಗಾಳ

ಸ್ಪೂನ್ ಗಾಳವು ಚಮಚದ ತಲೆಯಂತೆ ಒಂದು ಬದಿ ತಗ್ಗು, ಇನ್ನೊಂದು ಬದಿ ಉಬ್ಬು ಇರುವ ಲೋಹದ ತಗಡು. ಅದರ ಒಂದು ತುದಿಗೆ ದಾರ ಕಟ್ಟುತ್ತಾರೆ, ಇನ್ನೊಂದು ತುದಿಗೆ ಕೊಕ್ಕೆ ತೂಗುಹಾಕುತ್ತಾರೆ. ಎರೆಹುಳು, ಹಿಟ್ಟಿನ ಉಂಡೆ, ಜೀವಂತ ಮರಿಮೀನು ಯಾವುದೂ ಇದಕ್ಕೆ ಬೇಡ. ನೀರಿನಲ್ಲಿ ಎಳೆದಾಗ ತಗಡು ಓಲಾಡುತ್ತ ಮಿನುಗುತ್ತದೆ. ಗಾಯಗೊಂಡ ಮರಿಮೀನು ಒದ್ದಾಡುತ್ತಿದೆ ಎಂದು ಬಗೆದು ಬೇಟೆಯ ಮೀನು ಅದರ ಮೇಲೆ ಎರಗುತ್ತದೆ. ಉತ್ತರ ಅಮೆರಿಕ ಮತ್ತು ಯುರೋಪಿನ ಸರೋವರಗಳಲ್ಲಿ ಪೈಕ್, ಮಸ್ಕಿ ಎಂಬ ಹಲ್ಲುಗಾರ ಮೀನುಗಳಿಗಾಗಿ ಹೆಸರಾದ ಈ ಸಾಧನ 19ನೇ ಶತಮಾನದಲ್ಲೇ ಭಾರತಕ್ಕೂ ಬಂದು, ಕರ್ನಾಟಕದ ನದಿಗಳಲ್ಲಿ ಮಹಶೀರ್ ಎಂಬ ದೊಡ್ಡ ಮೀನನ್ನು ಹಿಡಿಯುವವರ ಕೈಸೇರಿತು. ಗಾಳದ ಹವ್ಯಾಸಿಗಳು ಇದನ್ನು ಬರೀ ‘ಸ್ಪೂನ್’ ಎಂದೇ ಕರೆಯುತ್ತಾರೆ.

ಇದು ಹೊಟ್ಟೆಗಿಳಿಯದ ಎರೆ. ಮೀನು ತಗಡನ್ನು ನುಂಗುವುದಿಲ್ಲ, ಕಚ್ಚುತ್ತದೆ. ಹೀಗಾಗಿ ಕೊಕ್ಕೆ ಹೆಚ್ಚಾಗಿ ತುಟಿಗೋ ದವಡೆಯ ಅಂಚಿಗೋ ಸಿಕ್ಕುತ್ತದೆ ಮತ್ತು ಹಿಡಿದ ಮೀನನ್ನು ಜೀವಸಹಿತ ನೀರಿಗೆ ಬಿಡುವುದು ಸಾಧ್ಯವಾಗುತ್ತದೆ. ಸ್ಪೂನ್ ಇಂದಿಗೂ ಬಳಕೆಯಲ್ಲಿ ಉಳಿಯಲು ಇದೊಂದು ಮುಖ್ಯ ಕಾರಣ.

ಹುಟ್ಟು ಮತ್ತು ಹರಡಿಕೆ

ಕಾರ್ಖಾನೆಯಲ್ಲಿ ತಯಾರಾದ ಸ್ಪೂನಿನ ಚರಿತ್ರೆ ಅಮೆರಿಕದ ಜೂಲಿಯೋ ಬ್ಯುಯೆಲ್ ಎಂಬವನಿಂದ ಶುರುವಾಗುತ್ತದೆ. ವರ್ಮಾಂಟ್ ರಾಜ್ಯದ ಈತ ಸರೋವರದ ಮೇಲೆ ದೋಣಿಯಲ್ಲಿ ಕುಳಿತು ಊಟ ಮಾಡುವಾಗ ಚಮಚ ಕೈಜಾರಿ ನೀರಿಗೆ ಬಿತ್ತಂತೆ. ಓಲಾಡುತ್ತ ಮುಳುಗುತ್ತಿದ್ದ ಅದನ್ನು ದೊಡ್ಡ ಮೀನೊಂದು ಬಂದು ಕಚ್ಚಿತಂತೆ. ಮನೆಗೆ ಹೋದವನೇ ಇನ್ನೊಂದು ಚಮಚದ ಹಿಡಿ ಕತ್ತರಿಸಿ, ತೂತು ಕೊರೆದು, ಕೊಕ್ಕೆ ಬೆಸೆದ ಎನ್ನುತ್ತಾರೆ. ಕಥೆ ದಂತಕಥೆಯೇ ಇರಬಹುದು, ಪೇಟೆಂಟ್ ಮಾತ್ರ ನಿಜ: 1852ರಲ್ಲಿ ಬ್ಯುಯೆಲ್ ತನ್ನ ಲೋಹದ ಎರೆಗೆ ಹಕ್ಕುಪತ್ರ ಪಡೆದ. ನ್ಯೂಯಾರ್ಕ್ ರಾಜ್ಯದ ವೈಟ್‌ಹಾಲ್‌ನಲ್ಲಿ ಅವನ ತಯಾರಿಕೆ ನಡೆಯಿತು.

20ನೇ ಶತಮಾನದ ಮೊದಲ ದಶಕದಲ್ಲಿ ಡೆಟ್ರಾಯಿಟ್ ನಗರದ ಲೂ ಎಪ್ಪಿಂಗರ್ ತಯಾರಿಸಿದ ಸ್ಪೂನ್ ಪೈಕ್ ಹಿಡಿಯುವವರ ಮನೆಮಾತಾಯಿತು. ಮೊದಲ ಮಹಾಯುದ್ಧದ ನಂತರ ಅದಕ್ಕೆ ‘ಡಾರ್‌ಡೆವಲ್’ ಎಂಬ ಹೆಸರು ನಿಂತಿತು. ಕೆಂಪು ಮೈಗೆ ಓರೆಯಾದ ಬಿಳಿ ಪಟ್ಟೆ ಬಳಿದ ಅದರ ಮಾದರಿಯನ್ನು ಇಂದಿಗೂ ಹಲವು ದೇಶಗಳ ಸ್ಪೂನ್‌ಗಳಲ್ಲಿ ಕಾಣಬಹುದು. ಸ್ವೀಡನ್ನಿನ ಆಬು ಕಂಪನಿಯ ‘ಟೋಬಿ’ ಉದ್ದನೆಯ, ಕಿರಿದಾದ ಸ್ಪೂನಿಗೆ ಯುರೋಪಿನಲ್ಲಿ ಮಾದರಿಯಾಯಿತು.

ನೀರಿನಲ್ಲಿ ತಗಡಿನ ನಡೆ

ಸ್ಪೂನಿಗೆ ಜೀವ ತುಂಬುವುದು ಅದರ ಬಾಗು. ತಗಡನ್ನು ಎಳೆದಾಗ ತಗ್ಗಿನ ಬದಿಯಲ್ಲಿ ನೀರು ಒಂದು ರೀತಿ, ಉಬ್ಬಿನ ಬದಿಯಲ್ಲಿ ಇನ್ನೊಂದು ರೀತಿ ಹರಿಯುತ್ತದೆ. ಹಿಂದುಗಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಣ್ಣ ಸುಳಿಗಳು ಕಳಚಿಕೊಳ್ಳುತ್ತವೆ. ಅವುಗಳ ತಳ್ಳಾಟಕ್ಕೆ ತಗಡು ಅತ್ತಿತ್ತ ಓಲಾಡುತ್ತದೆ. ಬಾಗು ಆಳವಾಗಿದ್ದಷ್ಟೂ ಓಲಾಟ ಅಗಲ ಮತ್ತು ನಿಧಾನ. ಬಾಗು ಕಡಿಮೆಯಾದರೆ ನಡುಕ ಚುರುಕು. ಹಾಗೆಯೇ ದಪ್ಪ ತಗಡು ದೂರಕ್ಕೆ ಎಸೆಯಲು, ರಭಸದ ನೀರಿನಲ್ಲಿ ಬೇಗ ಮುಳುಗಲು ಒಳ್ಳೆಯದು. ತೆಳು ತಗಡು ಒಣ ಎಲೆಯಂತೆ ತೇಲಾಡುತ್ತ ಇಳಿಯುತ್ತದೆ. ಅದನ್ನು ದೋಣಿಯ ಹಿಂದೆ ನಿಧಾನವಾಗಿ ಎಳೆಯುವುದು ರೂಢಿ.

ಪ್ರತಿ ಸ್ಪೂನಿಗೂ ತನ್ನದೇ ವೇಗವುಂಟು. ಅದಕ್ಕಿಂತ ನಿಧಾನವಾದರೆ ತಗಡು ಜಡವಾಗಿ ಜೋಲುತ್ತದೆ, ಹೆಚ್ಚಾದರೆ ಗಿರಗಿರನೆ ತಿರುಗಿ ದಾರಕ್ಕೆ ಹುರಿ ಹಾಕುತ್ತದೆ. ಹುರಿ ಏರದಿರಲೆಂದೇ ದಾರಕ್ಕೂ ಸ್ಪೂನಿಗೂ ನಡುವೆ ತಿರುಗುವ ಕೊಂಡಿಯೊಂದನ್ನು, ಅಂದರೆ ಸ್ವಿವೆಲ್ ಅನ್ನು ಹಾಕುತ್ತಾರೆ.

ಮೀನು ಈ ತಗಡನ್ನು ಎರಡು ಬಗೆಯಲ್ಲಿ ಗುರುತಿಸುತ್ತದೆ. ಒಂದು ಕಣ್ಣು: ಚಿಕ್ಕ ಮೀನಿನ ಹುರುಪೆ ಹೊರಳಿದಾಗ ಥಳಕ್ಕೆನ್ನುವ ಹಾಗೆಯೇ ತಗಡೂ ಹೊರಳುವಾಗ ಮಿನುಗುತ್ತದೆ. ಇನ್ನೊಂದು ಪಾರ್ಶ್ವರೇಖೆ: ಮೀನಿನ ಎರಡೂ ಪಕ್ಕೆಗಳ ಉದ್ದಕ್ಕೆ ಸಾಗಿದ ಈ ಇಂದ್ರಿಯ ನೀರಿನ ಅತಿ ಮೆಲ್ಲನೆಯ ಕಂಪನವನ್ನೂ ಗ್ರಹಿಸುತ್ತದೆ. ಕೆಂಬಣ್ಣದ ಹೊಳೆನೀರಿನಲ್ಲಿ ಕಣ್ಣು ಸೋತರೂ ಪಾರ್ಶ್ವರೇಖೆ ಕೆಲಸ ಮಾಡುತ್ತದೆ. ತಿಳಿನೀರಿಗೆ ಬೆಳ್ಳಿಬಣ್ಣ, ಬಗ್ಗಡಕ್ಕೆ ಹಿತ್ತಾಳೆ ಅಥವಾ ತಾಮ್ರ ಎಂಬುದು ಗಾಳಗಾರರ ಸಾಮಾನ್ಯ ಲೆಕ್ಕ. ನೀರು ಆಳವಾದಂತೆ ಬೆಳಕಿನ ಕೆಂಪು ಎಲ್ಲಕ್ಕಿಂತ ಮೊದಲು ಅಳಿಸಿಹೋಗುವುದರಿಂದ ಕೆಂಪು ಸ್ಪೂನ್ ಆಳದಲ್ಲಿ ಕಪ್ಪಾಗಿಯೇ ಕಾಣುತ್ತದೆ.

ಪೈಕ್ ಮತ್ತು ಮಸ್ಕಿ

ಎರಡೂ ಈಸಾಕ್ಸ್ ಕುಲಕ್ಕೆ ಸೇರಿದವು. ಪೈಕ್ ಯುರೋಪ್, ಉತ್ತರ ಏಷ್ಯಾ, ಉತ್ತರ ಅಮೆರಿಕಗಳಲ್ಲಿ ಹರಡಿದೆ. ಮಸ್ಕಿ, ಅಂದರೆ ಮಸ್ಕಲಂಜ್, ಉತ್ತರ ಅಮೆರಿಕದ್ದು ಮಾತ್ರ. ಪೈಕ್‌ನ ಕಡುಹಸಿರು ಮೈಮೇಲೆ ತಿಳಿ ಚುಕ್ಕೆಗಳು, ಮಸ್ಕಿಯ ತಿಳಿ ಮೈಮೇಲೆ ಕಪ್ಪು ಪಟ್ಟೆ ಇಲ್ಲವೆ ಚುಕ್ಕೆಗಳು. ಬಾತಿನ ಕೊಕ್ಕಿನಂಥ ಚಪ್ಪಟೆ ಮೂತಿ, ಬಾಯ್ತುಂಬ ಹಲ್ಲು, ಬಾಲದ ಹತ್ತಿರಕ್ಕೆ ಸರಿದ ಬೆನ್ನಿನ ಈಜುರೆಕ್ಕೆ ಎರಡಕ್ಕೂ ಸಮಾನ. ಈ ಮೈಕಟ್ಟು ದೂರದ ಓಟಕ್ಕಲ್ಲ, ನಿಂತಲ್ಲಿಂದ ಹಠಾತ್ತನೆ ಚಿಮ್ಮುವುದಕ್ಕೆ. ಜೊಂಡಿನ ಅಂಚಿನಲ್ಲೋ ಮುಳುಗಿದ ಮರದ ನೆರಳಿನಲ್ಲೋ ಅಲುಗಾಡದೆ ನಿಂತು, ಬೇಟೆ ಹತ್ತಿರ ಬಂದಾಗ ಮೈಯನ್ನು ಬಿಲ್ಲಿನಂತೆ ಬಾಗಿಸಿ ಒಂದೇ ನೆಗೆತಕ್ಕೆ ಹಿಡಿಯುತ್ತವೆ.

ಗಾತ್ರದಲ್ಲಿ ಮಸ್ಕಿ ದೊಡ್ಡದು. 1949ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಕ್ಯಾಲ್ ಜಾನ್ಸನ್ ಹಿಡಿದ 67 ಪೌಂಡ್ 8 ಔನ್ಸಿನ ಮೀನು, ಅಂದರೆ ಸುಮಾರು 30.6 ಕಿಲೋ, ಮಸ್ಕಿಯ ಅಂತರರಾಷ್ಟ್ರೀಯ ದಾಖಲೆ. ಪೈಕ್‌ನ ದಾಖಲೆ 1986ರಲ್ಲಿ ಜರ್ಮನಿಯಲ್ಲಿ ಸಿಕ್ಕ ಸುಮಾರು 25 ಕಿಲೋದ ಮೀನಿನದು. ಪೈಕ್ ಹಸಿದಾಗ ಎದುರಿಗೆ ಬಂದದ್ದನ್ನೆಲ್ಲ ಕಚ್ಚುತ್ತದೆ. ಮಸ್ಕಿ ಹಾಗಲ್ಲ. ಹತ್ತು ಸಾವಿರ ಎಸೆತಕ್ಕೆ ಒಮ್ಮೆ ಸಿಗುವ ಮೀನು ಎಂಬ ಬಿರುದೇ ಅದಕ್ಕಿದೆ. ಸ್ಪೂನಿನ ಹಿಂದೆ ದೋಣಿಯವರೆಗೂ ಬಂದು, ಕಚ್ಚದೆ ನೋಡಿ, ಆಳಕ್ಕೆ ಮರೆಯಾಗುವುದು ಅದರ ಸ್ವಭಾವ.

ಎಸೆತ ಮತ್ತು ಎಳೆತ

ಪೈಕ್, ಮಸ್ಕಿಗಳ ಸ್ವಭಾವಕ್ಕೆ ತಕ್ಕಂತೆಯೇ ಸ್ಪೂನಿನ ಪಟ್ಟುಗಳು ಬೆಳೆದಿವೆ. ಜೊಂಡಿನ ಅಂಚಿಗೆ ಸಮನಾಗಿ ಎಸೆದು, ಒಂದೇ ಹದದಲ್ಲಿ ರೀಲ್ ಸುತ್ತುವುದು ಮೊದಲ ಪಾಠ. ನಡುನಡುವೆ ಕ್ಷಣಕಾಲ ಸುತ್ತು ನಿಲ್ಲಿಸಬೇಕು. ಆಗ ತಗಡು ಸತ್ವ ಕಳೆದುಕೊಂಡ ಮೀನಿನಂತೆ ತೇಲಾಡಿ ಕೆಳಗಿಳಿಯುತ್ತದೆ, ಬಹುಪಾಲು ಕಡಿತ ಆ ಇಳಿತದಲ್ಲೇ ಬೀಳುತ್ತದೆ. ಜೊಂಡು ದಟ್ಟವಾಗಿರುವಲ್ಲಿ ಒಂಟಿ ಕೊಕ್ಕೆಗೆ ತಂತಿಯ ಕಾವಲು ಇಟ್ಟ, ಕಳೆಗೆ ಸಿಕ್ಕಿಕೊಳ್ಳದ ಸ್ಪೂನ್ ಬೇಕು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮಂಜುಗಡ್ಡೆಗೆ ತೂತು ಕೊರೆದು ಸ್ಪೂನನ್ನು ನೇರ ಕೆಳಗೆ ಬಿಟ್ಟು ಮೇಲೆ-ಕೆಳಗೆ ಕುಣಿಸುತ್ತಾರೆ.

ಮಸ್ಕಿಗೆ ಇನ್ನೊಂದು ವಿಶೇಷ ಪಟ್ಟು ಇದೆ. ಸ್ಪೂನ್ ದೋಣಿಯ ಪಕ್ಕಕ್ಕೆ ಬಂದ ಮೇಲೂ ಮೇಲೆತ್ತದೆ, ಗಾಳದ ಕೋಲಿನ ತುದಿಯನ್ನು ನೀರಿನೊಳಗೆ ಇಳಿಸಿ, 8ರ ಅಂಕಿ ಬರೆದಂತೆ ದೊಡ್ಡದಾಗಿ ತಿರುಗಿಸಬೇಕು. ಹಿಂಬಾಲಿಸಿ ಬಂದ ಮೀನು ಎಷ್ಟೋ ಸಲ ಆ ತಿರುವಿನಲ್ಲೇ ಬಾಯಿ ಹಾಕುತ್ತದೆ. ಇವುಗಳ ಹಲ್ಲಿಗೆ ಬರೀ ನೈಲಾನ್ ದಾರ ನಿಲ್ಲದು, ಸ್ಪೂನಿನ ಮುಂದೆ ಉಕ್ಕಿನ ತಂತಿಯ ತುಂಡು ಇರಲೇಬೇಕು. ತಂತಿಯಿಲ್ಲದೆ ದಾರ ಕಡಿದರೆ ಗಾಳಗಾರ ಕಳೆದುಕೊಳ್ಳುವುದು ಒಂದು ಸ್ಪೂನ್ ಮಾತ್ರ. ಬಾಯಿಗೆ ಕೊಕ್ಕೆ ನೆಟ್ಟುಕೊಂಡು ಹೋದ ಮೀನಿಗೆ ಅದು ಪ್ರಾಣಕ್ಕೇ ಕುತ್ತು.

ಚಾಲುಕ್ಯರ ಮತ್ಸ್ಯವಿನೋದ

ಕನ್ನಡ ನಾಡಿಗೆ ಸ್ಪೂನ್ ಹೊರಗಿನಿಂದ ಬಂದದ್ದು ನಿಜ, ಗಾಳದ ವಿದ್ಯೆ ಹೊರಗಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ನೂರು ಅಧ್ಯಾಯಗಳ ಈ ಗ್ರಂಥ ಅಡುಗೆಯಿಂದ ಆನೆಯವರೆಗೆ ಅರಸನ ಬದುಕನ್ನೆಲ್ಲ ಒಳಗೊಂಡದ್ದು, ಇದನ್ನು ಭಾರತದ ಹಳೆಯ ವಿಶ್ವಕೋಶಗಳಲ್ಲಿ ಒಂದೆಂದು ಎಣಿಸುತ್ತಾರೆ. ಮತ್ಸ್ಯವಿನೋದದಲ್ಲಿ ಕಡಲಿನ ಮತ್ತು ಸಿಹಿನೀರಿನ ಮೀನುಗಳ ವರ್ಗೀಕರಣ, ಅವುಗಳಿಗೆ ಹಾಕುವ ತಿನಿಸು, ಗಾಳ ಹಾಕುವ ಬಗೆ ವಿವರವಾಗಿ ಬಂದಿವೆ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ಆಧುನಿಕ ವಿಜ್ಞಾನಿಗಳ ಗಮನಕ್ಕೆ ತಂದರು.

ಸೋಮೇಶ್ವರನ ಮನೆತನ ತನ್ನ ಮೂಲವನ್ನು ಬಾದಾಮಿಯ ಚಾಲುಕ್ಯರಲ್ಲಿ ಹೇಳಿಕೊಂಡಿತ್ತು. ಆ ಮೊದಲ ಚಾಲುಕ್ಯರು ಗುಡಿ ಕಟ್ಟುವ ಕಲೆಯನ್ನು ಪಳಗಿಸಿಕೊಂಡ ಐಹೊಳೆ ನಿಂತಿರುವುದು ಮಲಪ್ರಭೆಯ ದಡದಲ್ಲಿ. ಅಲ್ಲಿನ ದುರ್ಗ ಗುಡಿಯ ಭುವನೇಶ್ವರಿಯಲ್ಲಿ, ಅಂದರೆ ಒಳಛಾವಣಿಯಲ್ಲಿ, ಚಕ್ರದ ಅರಗಳ ಜಾಗದಲ್ಲಿ ಮೀನುಗಳನ್ನೇ ಜೋಡಿಸಿದ ಮತ್ಸ್ಯಚಕ್ರದ ಕೆತ್ತನೆಯಿದೆ.

ಮಾನಸೋಲ್ಲಾಸದ ಕ್ರಮಕ್ಕೂ ಸ್ಪೂನಿಗೂ ಮೂಲದಲ್ಲೇ ಅಂತರವಿದೆ. ಅಲ್ಲಿ ಮೀನಿಗೆ ಅದರ ರುಚಿಯರಿತು ತಿನಿಸು ಹಾಕಿ, ಹಸಿವಿನ ದಾರಿಯಿಂದ ಹತ್ತಿರ ಕರೆಯಬೇಕು. ಸ್ಪೂನಿಗೆ ರುಚಿಯಿಲ್ಲ, ವಾಸನೆಯಿಲ್ಲ. ಅದು ಕೆಣಕುವುದು ಬೆನ್ನಟ್ಟುವ ಸ್ವಭಾವವನ್ನು. ಹೊಟ್ಟೆ ತುಂಬಿದ ಮೀನೂ ಒಮ್ಮೊಮ್ಮೆ ಅದನ್ನು ಹೊಡೆಯುವುದು ಈ ಕಾರಣಕ್ಕೇ.

ಮಂಗಳೂರಿನ ಕಲೆಕ್ಟರ್, ಕಾವೇರಿಯ ಬಿಳಿಮೀನು

ಭಾರತದಲ್ಲಿ ಸ್ಪೂನಿನ ಬಳಕೆಯನ್ನು ಬರಹಕ್ಕೆ ತಂದವರಲ್ಲಿ ಹೆನ್ರಿ ಸಲ್ಲಿವನ್ ಥಾಮಸ್ ಪ್ರಮುಖ. ಮದ್ರಾಸ್ ಸಿವಿಲ್ ಸರ್ವಿಸ್‌ಗೆ ಸೇರಿದ ಈತ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಮೊದಲು ಅಚ್ಚಾಯಿತು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಹಶೀರ್ ಹಿಡಿದ ಅನುಭವದಿಂದ, ತೂಕಕ್ಕೆ ತೂಕ ಇಟ್ಟರೆ ಇಂಗ್ಲೆಂಡಿನ ಸಾಲ್ಮನ್‌ಗಿಂತ ಮಹಶೀರ್ ಬಲಶಾಲಿ ಎಂದು ಅವನು ವಾದಿಸಿದ. ಗಾಳದ ಆಟದ ಜೊತೆಗೆ ಹೊಳೆಗೆ ವಿಷ ಹಾಕುವುದನ್ನೂ ಮರಿಮೀನು ಬಾಚುವ ಸಣ್ಣಕಣ್ಣಿನ ಬಲೆಯನ್ನೂ ತಡೆಯಬೇಕೆಂದು ಸರ್ಕಾರಕ್ಕೆ ಬರೆದವನೂ ಅವನೇ. ನೀರಿಗೆ ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂತು.

ಮಹಶೀರ್‌ನ ದವಡೆಯಲ್ಲಿ ಪೈಕ್‌ನಂತೆ ಹಲ್ಲಿಲ್ಲ. ಅದರ ಬಲವೆಲ್ಲ ದಪ್ಪ ತುಟಿಯ ಹಿಡಿತದಲ್ಲಿ ಮತ್ತು ಗಂಟಲಿನೊಳಗಿನ ಹಲ್ಲುಗಳಲ್ಲಿ. ಏಡಿಯ ಚಿಪ್ಪು, ಬಸವನಹುಳುವಿನ ಕವಚ ಅರೆಯುವ ಆ ಹಿಡಿತಕ್ಕೆ ಸಿಕ್ಕಿದ ತೆಳು ಸ್ಪೂನ್ ಮಡಚಿಹೋಗುತ್ತದೆ, ಹಗುರ ಕೊಕ್ಕೆ ನೆಟ್ಟಗಾಗುತ್ತದೆ. ಆದ್ದರಿಂದ ಮಹಶೀರ್‌ಗೆ ದಪ್ಪ ತಗಡಿನ ಸ್ಪೂನ್, ಗಟ್ಟಿ ಉಂಗುರ, ಕುಲುಮೆಯಲ್ಲಿ ಹದಗೊಂಡ ಬಲವಾದ ಕೊಕ್ಕೆ ಬೇಕೆನ್ನುವುದು ಥಾಮಸ್‌ನ ಕಾಲದಿಂದಲೂ ನಡೆದುಬಂದ ಪಾಠ. ಪೈಕ್‌ಗಾಗಿ ಜೊಂಡಿನ ಅಂಚು ಹುಡುಕುವಂತೆ ಮಹಶೀರ್‌ಗಾಗಿ ಬಂಡೆಗಳ ನಡುವಿನ ರಭಸ ಮುಗಿದು ಮಡು ಶುರುವಾಗುವ ಜಾಗ ಹುಡುಕುತ್ತಾರೆ. ಹರಿವಿಗೆ ಅಡ್ಡಲಾಗಿ ಎಸೆದು, ಸ್ಪೂನನ್ನು ಹೊಳೆಯೇ ಬಾಗಿಸಿ ತರುವಂತೆ ಬಿಗಿಯಾಗಿ ಹಿಡಿದರೆ ಸಾಕು, ಹೆಚ್ಚು ಸುತ್ತುವ ಅಗತ್ಯವಿಲ್ಲ.

ಕಾವೇರಿ ದಡದ ಜನ ಮಹಶೀರನ್ನು ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋದ ಮೀನು ಗಾಳಕ್ಕೆ ಬಿದ್ದ ಮಹಶೀರ್‌ಗಳಲ್ಲಿ ಅತಿ ದೊಡ್ಡದೆಂದು ಹೆಸರಾಗಿದೆ. ಮಸ್ಕಿಯ ದಾಖಲೆಯ ಹತ್ತಿರ ಹತ್ತಿರ ಎರಡರಷ್ಟು ತೂಕ ಅದು. 1970ರ ದಶಕದಲ್ಲಿ ಬ್ರಿಟನ್ನಿನ ಗಾಳಗಾರರ ತಂಡವೊಂದು ಮತ್ತೆ ಕಾವೇರಿಗೆ ಬಂದು ದೊಡ್ಡ ಮೀನು ಹಿಡಿದ ಮೇಲೆ ಈ ನದಿಯ ಹೆಸರು ಹೊರದೇಶಗಳಲ್ಲಿ ಹರಡಿತು. ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾಯತೊಡಗಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳು ನಡೆದವು. ಒಂದು ಕಾಲಕ್ಕೆ ಹೊಳೆಗೆ ಸಿಡಿಮದ್ದು ಎಸೆಯುತ್ತಿದ್ದವರಲ್ಲಿ ಕೆಲವರು ಅಲ್ಲಿ ‘ಗಿಲ್ಲಿ’ಗಳಾದರು. ತೆಪ್ಪಕ್ಕೆ ಹುಟ್ಟು ಹಾಕುವುದು, ಮೀನು ನಿಲ್ಲುವ ಮಡು ತೋರಿಸುವುದು, ಹಿಡಿದ ಮೀನನ್ನು ಜೋಪಾನವಾಗಿ ಬಿಡುವುದು ಅವರ ಕೆಲಸವಾಯಿತು.

ಕಾವೇರಿಯ ಶಿಬಿರಗಳಲ್ಲಿ ಹೆಚ್ಚು ನಡೆದದ್ದು ರಾಗಿ ಹಿಟ್ಟನ್ನು ಬೇಯಿಸಿ ನಾದಿದ ಉಂಡೆ. ಸ್ಪೂನ್ ಅದರ ಜೊತೆಗಿನ ಸಾಧನ, ಅದಕ್ಕೆ ತಿಳಿನೀರೂ ರಭಸವೂ ಬೇಕಿತ್ತು. ಕೊಡಗಿನ ಮೇಲ್ಕಾವೇರಿಯಲ್ಲಿ, ವಾಲ್ನೂರಿನ ಕಡೆ, ಲೋಹದ ಎರೆಗೆ ಹೆಚ್ಚಿನ ಜಾಗವಿತ್ತು. ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥ ಕಾನೂನಿಗೆ ಬಂದ ಮೇಲೆ 2010ರ ದಶಕದ ಆರಂಭದಲ್ಲಿ ಕಾವೇರಿ ವನ್ಯಜೀವಿ ಧಾಮದ ಶಿಬಿರಗಳಲ್ಲಿ ಗಾಳದ ಆಟ ನಿಂತಿತು.

ಗಾಳಗಾರರ ದಿನಚರಿ ಹೇಳಿದ್ದು

ಶಿಬಿರಗಳು ಮುಚ್ಚಿದರೂ ಅಲ್ಲಿ ಬರೆದಿಟ್ಟ ಪುಸ್ತಕಗಳು ಉಳಿದವು. ಎಷ್ಟು ಗಂಟೆ ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕವೆಷ್ಟು ಎಂಬುದನ್ನು ದಾಖಲಿಸಿ ಮೀನನ್ನು ಬಿಡುತ್ತಿದ್ದರು. 1998ರಿಂದ 2012ರವರೆಗಿನ ಈ ಲೆಕ್ಕವನ್ನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಪರಿಶೀಲಿಸಿದರು: 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, 6 ಸಾವಿರಕ್ಕೂ ಹೆಚ್ಚು ಮಹಶೀರ್. ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಕಾವೇರಿಯ ಮೂಲದ, ಬೆನ್ನುಬ್ಬಿದ, ಕಿತ್ತಳೆ ಈಜುರೆಕ್ಕೆಯ ಮಹಶೀರ್ ಕಾಣೆಯಾಗುತ್ತ, ನೀಲಿ ಈಜುರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು.

ಈ ನೀಲಿ ಈಜುರೆಕ್ಕೆಯದು ಟಾರ್ ಖುದ್ರಿ. 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನನ್ನು ನೋಡಿ ಇದನ್ನು ವಿವರಿಸಿದ. ಮುಳಾ-ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತದೆ. ಎಂದರೆ ಇದು ಐಹೊಳೆಯ ಮಲಪ್ರಭೆ ಸೇರಿದ ಕೃಷ್ಣಾ ಕಣಿವೆಯ ಮೀನು. 1970ರ ದಶಕದಿಂದ ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಮರಿಕೇಂದ್ರದಲ್ಲಿ ಬೆಳೆಸಿದ ಇದರ ಮರಿಗಳನ್ನು ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಂದವು. ಮಹಶೀರನ್ನು ಉಳಿಸಬೇಕೆಂಬ ಸದುದ್ದೇಶದ ಕೆಲಸವೇ ಕಾವೇರಿಯ ಸ್ವಂತ ಮಹಶೀರ್‌ಗೆ ಪೈಪೋಟಿ ತಂದಿಟ್ಟಿತು. ಬೆನ್ನುಬ್ಬಿದ ಮೀನು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಭೇದಗಳ ಸಾಲಿಗೆ ಸೇರಿತು.

ಹಿಡಿದು ಬಿಡುವ ಕ್ರಮ

ಬಿಟ್ಟ ಮೀನೆಲ್ಲ ಬದುಕುತ್ತದೆ ಎಂಬ ಖಾತರಿಯಿಲ್ಲ. ಅದು ಗಾಳಗಾರನ ಕೈಯ ನಯವನ್ನು ಅವಲಂಬಿಸಿದೆ. ಸ್ಪೂನಿನ ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಕೊಕ್ಕೆ ಹಾಕುವುದು, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುವುದು ಮೊದಲ ಹೆಜ್ಜೆ. ಮೀನನ್ನು ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣಗೈ ತಗುಲಿದರೆ ಮೈಮೇಲಿನ ಲೋಳೆಯ ಕಾಪು ಅಳಿಯುತ್ತದೆ. ಕಿವಿರಿಗೆ ಬೆರಳು ಹಾಕಿ ತೂಗಬಾರದು. ದಣಿದ ಮೀನನ್ನು ಹರಿವಿಗೆ ಮುಖಮಾಡಿ ಹಿಡಿದು, ಅದು ತಾನಾಗಿ ಬಾಲ ಬಡಿದು ಹೊರಡುವ ತನಕ ಕಾಯಬೇಕು.

ನೀರು ಬೆಚ್ಚಗಾದಂತೆ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ. ಅಮೆರಿಕದ ಮಸ್ಕಿ ಗಾಳಗಾರರಲ್ಲಿ ನೀರಿನ ಉಷ್ಣಾಂಶ 27 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಗಾಳ ಎತ್ತಿಡುವ ಪದ್ಧತಿ ಹೆಚ್ಚುತ್ತಿದೆ. ಅಲ್ಲಿ 1966ರಲ್ಲಿ ಶುರುವಾದ ಮಸ್ಕೀಸ್ ಇಂಕ್ ಎಂಬ ಸಂಘ ಹಿಡಿದ ಮಸ್ಕಿಯನ್ನು ಬಿಡುವ ರೂಢಿಯನ್ನು ದೇಶದ ತುಂಬ ಬೆಳೆಸಿತು.

ಮಲಪ್ರಭೆ–ಕೃಷ್ಣೆಯ ಬೇಟೆಮೀನುಗಳು

ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡುತ್ತದೆ. ಅಣೆಕಟ್ಟಿನ ಕೆಳಗೆ ಬೇಸಿಗೆಯಲ್ಲಿ ಹರಿವು ಸೊರಗಿ, ಮೀನುಗಳು ಉಳಿದ ಮಡುಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. 2019ರಂಥ ವರ್ಷದಲ್ಲಿ ಇದೇ ನದಿ ಐಹೊಳೆ, ಪಟ್ಟದಕಲ್ಲುಗಳ ಗುಡಿಯಂಗಳಕ್ಕೆ ನುಗ್ಗುತ್ತದೆ. ಇಲ್ಲಿನ ಅಂಬಿಗರ ಕೈಯಲ್ಲಿ ಕಾಣುವುದು ಹರಿಗೋಲು, ಬೀಸುಬಲೆ, ಎರೆ ಚುಚ್ಚಿದ ಗಾಳ. ಅವರಿಗೆ ಮೀನು ಆಟವಲ್ಲ, ಅನ್ನ.

ಆದರೂ ಪೈಕ್‌ನ ಸ್ವಭಾವಕ್ಕೆ ಹತ್ತಿರದ ಎರಡು ಮೀನು ಈ ಕಣಿವೆಯಲ್ಲಿವೆ. ಒಂದು ಬಾಳೆಮೀನು, ಶಾಸ್ತ್ರೀಯ ಹೆಸರು ವಲ್ಲಾಗೊ ಅಟ್ಟು. ಹುರುಪೆಯಿಲ್ಲದ ಉದ್ದನೆಯ ಮೈ, ಕಣ್ಣಿನಾಚೆಗೂ ಸೀಳಿದ ಬಾಯಿ, ಸಾಲುಸಾಲು ಮೊನೆಹಲ್ಲು. ಸಂಜೆಗತ್ತಲಾದಾಗ ಮಡುವಿನ ಆಳದಿಂದ ಮೇಲೆದ್ದು ಚಿಕ್ಕ ಮೀನಿನ ಹಿಂಡಿಗೆ ನುಗ್ಗುತ್ತದೆ. ನಿಧಾನವಾಗಿ ಓಲಾಡುವ ದೊಡ್ಡ ಸ್ಪೂನ್ ಅದಕ್ಕೆ ಸರಿಹೋಗುತ್ತದೆ. ದಾರದ ಮುಂದೆ ಉಕ್ಕಿನ ತಂತಿ ಇಲ್ಲಿಯೂ ಬೇಕು. ಇನ್ನೊಂದು ಕೊರವ, ಅಂದರೆ ಮರಲ್ ಜಾತಿಯ ಮೀನು. ಇದು ಕಿವಿರಿನ ಜೊತೆಗೆ ನೇರ ಗಾಳಿಯನ್ನೂ ಉಸಿರಾಡುವುದರಿಂದ ಕೆರೆಯ ಜಲಕಳೆಯ ನಡುವೆ ಆಗಾಗ ಮೇಲೆ ಬಂದು ಗುಳುಕ್ಕೆನ್ನುತ್ತದೆ. ಅದು ಎದ್ದ ಜಾಗದಾಚೆಗೆ ಎಸೆದು, ತಂತಿಯ ಕಾವಲಿನ ಸ್ಪೂನನ್ನು ಕಳೆಯ ಮೇಲಿಂದ ಜಾರಿಸಿ ತಂದರೆ ಹೊಡೆಯುತ್ತದೆ.

ಕೊರವನ ವಿಷಯದಲ್ಲಿ ಗಾಳಗಾರ ತಡೆದುಕೊಳ್ಳಬೇಕಾದ ಕಾಲವೊಂದಿದೆ. ಮರಿಗಳು ಕೆಂಬಣ್ಣದ ಮುದ್ದೆಯಂತೆ ನೀರಿನ ಮೇಲ್ಭಾಗದಲ್ಲಿ ಗುಂಪಾಗಿ ಓಡಾಡುವಾಗ ತಾಯಿತಂದೆಗಳು ಕೆಳಗೆ ಕಾವಲಿರುತ್ತವೆ. ಹತ್ತಿರ ಬಂದ ಸ್ಪೂನನ್ನು ಅವು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ ಹೊಡೆಯುತ್ತವೆ. ಆಗ ಅವನ್ನು ಹಿಡಿದೊಯ್ದರೆ ಆ ಹಿಂಡಿನ ಮರಿಗಳೆಲ್ಲ ಬೇರೆ ಮೀನುಗಳ ಪಾಲು. ಬಾಳೆಮೀನಂತೂ ಈಗಾಗಲೇ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಸಾಲಿನಲ್ಲಿದೆ. ಅತಿಯಾದ ಹಿಡಿತವೂ ನದಿಗಳ ನೆಲೆ ಕೆಟ್ಟದ್ದೂ ಇದಕ್ಕೆ ಕಾರಣ.